ಅಂಬೋಸೆಲಿಯಲ್ಲಿ ಆನೆ ನೋಡುತ್ತಾ

ಕೀನ್ಯಾ ಅಂದರೆ ಎಲ್ಲರೂ ಮಸಾಯಿ ಮಾರಾ ಅನ್ನುತ್ತಾರೆ. ನಾವು ಆನೆ ನೋಡಬೇಕೆಂದೇ ಅಲ್ಲಿನ ಅಂಬೋಸೆಲಿ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ನೈರೋಬಿಯಿಂದ ದಕ್ಷಿಣಕ್ಕೆ ನಾಲ್ಕೈದು ಗಂಟೆಯ ದಾರಿ, ತಾಂಜಾನಿಯಾ ಗಡಿಯ ಪಕ್ಕದಲ್ಲೇ. 392 ಚದರ ಕಿ.ಮೀ. ಅಷ್ಟೇ, ನಮ್ಮ ನಾಗರಹೊಳೆಗಿಂತ ಚಿಕ್ಕದು. ಆದರೆ ಬಟಾಬಯಲು. ಕಬಿನಿಯಲ್ಲಿ ಲಂಟಾನ ಪೊದೆಯ ಹಿಂದೆ ಆನೆಯ ಬೆನ್ನು ಮಾತ್ರ ಕಂಡು ಸಮಾಧಾನ ಮಾಡಿಕೊಂಡವರಿಗೆ, ಇಲ್ಲಿ ಇಡೀ ಹಿಂಡು ದೂರದಿಂದ ಧೂಳೆಬ್ಬಿಸಿಕೊಂಡು ಸಾಲಾಗಿ ನಡೆದು ಬರುವುದನ್ನು ನೋಡುವುದೇ ದೊಡ್ಡ ಹಬ್ಬ.

ಇಷ್ಟು ಒಣ ನೆಲದಲ್ಲಿ ಅಷ್ಟೊಂದು ಆನೆಗಳು ಬದುಕುತ್ತಿರುವುದು ಜೌಗಿನಿಂದ. ಗಡಿಯಾಚೆಗಿನ ಕಿಲಿಮಂಜಾರೋ ಪರ್ವತದ ಮೇಲೆ ಬಿದ್ದ ಮಳೆ, ಹಿಮದ ನೀರು ಜ್ವಾಲಾಮುಖಿ ಕಲ್ಲಿನೊಳಗೆ ಇಳಿದು, ಇಲ್ಲಿ ಊಟೆಯಾಗಿ ಏಳುತ್ತದೆ. ಸುತ್ತ ಎಲ್ಲ ಸುಟ್ಟು ಹೋಗಿದ್ದರೂ ಜೌಗು ಮಾತ್ರ ಹಸಿರು.

ಅದರ ಅಂಚಿನಲ್ಲಿ ಗಾಡಿ ನಿಲ್ಲಿಸಿದೆವು. ಒಂದು ಹೆಣ್ಣಾನೆ ತೀರಾ ಹತ್ತಿರದಲ್ಲೇ ಮೇಯುತ್ತಿತ್ತು. ಹೊಟ್ಟೆಯವರೆಗೆ ಕೆಸರಿನ ಕಪ್ಪು, ಮೇಲೆ ಧೂಳಿನ ಬೂದಿ ಬಣ್ಣ. ಸೊಂಡಿಲಿನಿಂದ ಹುಲ್ಲು ಸುತ್ತಿ ಹಿಡಿದು, ಮುಂಗಾಲಿನಿಂದ ಬುಡಕ್ಕೆ ಒದ್ದು ಕಿತ್ತು, ಆ ಕಂತೆಯನ್ನು ಕಾಲಿಗೆ ಬಡಿದು ಮಣ್ಣು ಕೊಡವಿ, ಆಮೇಲೆ ಬಾಯಿಗೆ. ಮರಿಗೆ ಇನ್ನೂ ಅಷ್ಟು ಬರುವುದಿಲ್ಲ ಅಲ್ವಾ, ಅದು ಸೀದಾ ಅಮ್ಮನ ಬಾಯಿಂದಲೇ ಹುಲ್ಲು ಎಳೆದುಕೊಳ್ಳುತ್ತಿತ್ತು. ಅಮ್ಮ ಬಿಟ್ಟುಕೊಟ್ಟಿತು.

ದಂತ ನೋಡಿ ನಮ್ಮ ಜೊತೆಗಿದ್ದವರು ಇವೆಲ್ಲ ಗಂಡಾನೆಗಳಾ ಅಂತ ಕೇಳಿದರು. ನಮ್ಮ ಕಡೆ ದಂತ ಇರುವುದು ಗಂಡಿಗೆ, ಅದೂ ಎಲ್ಲಕ್ಕೂ ಅಲ್ಲ. ಆಫ್ರಿಕಾದ ಆನೆಗಳಲ್ಲಿ ಹೆಣ್ಣಿಗೂ ದಂತವಿದೆ. ಸೊಂಡಿಲ ತುದಿಯಲ್ಲಿ ನಮ್ಮ ಆನೆಗೆ ಒಂದೇ ಬೆರಳು, ಇವಕ್ಕೆ ಎರಡು. ಹತ್ತಿರ ಕೂತರೆ ಅದೂ ಕಾಣುತ್ತದೆ.

ಅಷ್ಟರಲ್ಲಿ ರೇಡಿಯೋದಲ್ಲಿ ಸಿಂಹದ ಸುದ್ದಿ ಬಂತು. ಅಕ್ಕಪಕ್ಕದ ಗಾಡಿಗಳೆಲ್ಲ ಹೊರಟವು. ನಾವು ಅಲ್ಲೇ ಉಳಿದೆವು, ನನಗೆ ಇವತ್ತಿಗೂ ಅದೇ ಸರಿ ಅನ್ನಿಸುತ್ತದೆ. ಇಂಜಿನ್ ಸದ್ದು ನಿಂತ ಮೇಲೆ ಹುಲ್ಲು ಕೀಳುವ ಸದ್ದು, ಗಂಟಲಾಳದಿಂದ ಬರುವ ಗುಡುಗುಡು, ಎಲ್ಲ ಕೇಳಿಸತೊಡಗಿತು.

ಇಲ್ಲಿಯ ಆನೆಗಳನ್ನು 1972ರಿಂದ ಸಂಶೋಧಕರು ಒಂದೊಂದಾಗಿ ಗುರುತಿಟ್ಟು ನೋಡುತ್ತಾ ಬಂದಿದ್ದಾರೆ. ಸಿಂಥಿಯಾ ಮಾಸ್ ಶುರುಮಾಡಿದ ಕೆಲಸ ಅದು. ಕಿವಿಯ ಅಂಚಿನ ಹರುಕು, ದಂತದ ಬಾಗು ನೋಡಿ ಇದು ಯಾರು, ಇದರ ಅಮ್ಮ ಯಾರು ಅಂತ ಹೇಳುತ್ತಾರೆ. ಆನೆಗಳೂ ನಮ್ಮನ್ನು ಗುರುತಿಸುತ್ತವೆ. ಇಲ್ಲಿ ದನ ಮೇಯಿಸುವ ಮಸಾಯಿ ಬುಡಕಟ್ಟಿನ ಗಂಡಸರು ಆಗಾಗ ಈಟಿ ಹಿಡಿದು ಎದುರಾಗುವುದುಂಟು. ಅವರ ದನಿ ಕೇಳಿಸಿದರೆ ಹಿಂಡು ಗುಂಪುಗೂಡಿ ಹಿಂದೆ ಸರಿಯುತ್ತದೆ, ಹೆಚ್ಚಾಗಿ ಬೇಸಾಯ ಮಾಡುವ ಕಾಂಬಾ ಜನರ ದನಿಗಾಗಲಿ ಮಸಾಯಿ ಹೆಂಗಸರ ದನಿಗಾಗಲಿ ಅಷ್ಟು ಹೆದರುವುದಿಲ್ಲ ಅಂತ 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಸಂಜೆ ಮೋಡ ಸರಿದು 5,895 ಮೀಟರಿನ ಕಿಲಿಮಂಜಾರೋ ಪೂರ್ತಿ ಕಂಡಿತು. ಫೋಟೋ ತೆಗೆದೆವು. ಆನೆಗಳು ಆಗಲೇ ಉದ್ಯಾನದ ಗಡಿ ದಾಟಿ ಹೊರಗೆ ಹೊರಟಿದ್ದವು. ಎಷ್ಟೋ ಹಿಂಡುಗಳು ರಾತ್ರಿ ಕಳೆಯುವುದು ಹೊರಗಿನ ಮಸಾಯಿ ನೆಲದಲ್ಲೇ. ಆ ನೆಲ ಈಗ ತುಂಡು ತುಂಡಾಗಿ ಬೇಲಿ, ಹೊಲ ಆಗುತ್ತಿದೆ. ಅಲ್ಲಿನ ಜನ ಕೆಲವು ಕಡೆ ಪ್ರಾಣಿಗಳಿಗೆ ಜಾಗ ಬಿಟ್ಟು, ಬದಲಿಗೆ ಗುತ್ತಿಗೆ ಹಣ ಪಡೆಯುತ್ತಾರೆ. ನೀವು ಹೋಗುವುದಾದರೆ ಸುಮ್ನೆ ಕಡಿಮೆ ಬೆಲೆ ನೋಡಿ ರೂಮ್ ಬುಕ್ ಮಾಡಬೇಡಿ. ಆ ಲಾಡ್ಜ್ ಯಾರ ಜಾಗದಲ್ಲಿದೆ, ಊರವರಿಗೆ ಹಣ ಹೋಗುತ್ತದಾ ಅಂತ ಮೊದಲೇ ಕೇಳಿ.