ಹನ್ನೆರಡನೆಯವನು ಕೂರುವುದಿಲ್ಲ

ಅಪ್ಪ ಹಾಸನದಲ್ಲಿ ಓದುವಾಗ ಕಾಲೇಜಿನ ಕ್ರಿಕೆಟ್ ತಂಡಕ್ಕೆ ಎರಡು ವರ್ಷ ಹನ್ನೆರಡನೆಯ ಆಟಗಾರರಾಗಿದ್ದರು. ನೀರು ಒಯ್ಯುವುದು, ಗ್ಲೌಸ್ ತಂದುಕೊಡುವುದು, ಯಾರಾದರೂ ಕುಂಟುತ್ತ ಹೊರಬಂದರೆ ಫೀಲ್ಡಿಂಗಿಗೆ ಓಡುವುದು. ನಮ್ಮ ನಡುಮನೆಯ ಗೋಡೆಯಲ್ಲಿರುವ ತಂಡದ ಫೋಟೊದಲ್ಲಿ ಅವರು ಕೊನೆಯ ತುದಿಯಲ್ಲಿದ್ದಾರೆ. ಅದರ ವಿಷಯ ಎತ್ತಿದರೆ ಮಾತು ಬದಲಿಸುತ್ತಿದ್ದರು.

ನಾನು ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾಗ ಅಪ್ಪ, ಅಮ್ಮ ಅದಿರುವ ಊರಾದ ಕಾಲೇಜ್ ಸ್ಟೇಷನ್ನಿಗೆ ಬಂದಿದ್ದರು. ಒಂದು ಶನಿವಾರ ಅಪ್ಪನನ್ನು ಅಮೆರಿಕನ್ ಫುಟ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋದೆ. ಊರಿಗೆ ಊರೇ ಕಂದುಗೆಂಪು ಅಂಗಿ ತೊಟ್ಟಿತ್ತು. ಎದುರು ಬಂದವರೆಲ್ಲ "ಹೌಡಿ" ಎನ್ನುತ್ತಿದ್ದರು. ಅಪ್ಪ ಪ್ರತಿಯೊಬ್ಬರಿಗೂ ನಿಂತು ಕೈಮುಗಿಯುತ್ತಿದ್ದುದರಿಂದ ಕ್ರೀಡಾಂಗಣ ತಲುಪುವಷ್ಟರಲ್ಲಿ ಬಿಸಿಲೇರಿತ್ತು.

ಉತ್ತರ ದಿಕ್ಕಿನಲ್ಲಿ ರೆವೆಲಿಗಳ ಗೋರಿಗಳಿವೆ. ರೆವೆಲಿ ಎಂದರೆ ಇಲ್ಲಿನವರು ತಲೆಮಾರಿನಿಂದ ತಲೆಮಾರಿಗೆ ಸಾಕಿಕೊಂಡು ಬಂದ ನಾಯಿ; ಈಗಿನದು ಕುರಿ ಕಾಯುವ 'ಕಾಲೀ' ಜಾತಿಯದು. ಸತ್ತ ನಾಯಿಗಳಿಗೂ ಆಟದ ಅಂಕ ಕಾಣಬೇಕೆಂದು ಗೋರಿಗಳ ಎದುರಿಗೆ ಒಂದು ಚಿಕ್ಕ ಅಂಕಫಲಕ ಹಾಕಿದ್ದಾರೆ. ಅಪ್ಪ ಅದನ್ನು ಎರಡು ಸಲ ಕೇಳಿ ಖಚಿತಪಡಿಸಿಕೊಂಡರು.

ಆಮೇಲೆ ಇ. ಕಿಂಗ್ ಗಿಲ್ ಪ್ರತಿಮೆಯ ಮುಂದೆ ನಿಂತೆವು. 1922ರ ಜನವರಿ 2ರಂದು ಡಲ್ಲಾಸ್‌ನಲ್ಲಿ ಸೆಂಟರ್ ಕಾಲೇಜಿನ ವಿರುದ್ಧ ಪಂದ್ಯ. ಗಾಯಗೊಂಡವರು ಹೆಚ್ಚಾಗಿ, ಕೋಚ್ ಡೇನಾ ಬೈಬಲ್ ಅವರಿಗೆ ಬದಲಿ ಆಟಗಾರರೇ ಉಳಿಯದಂತಾಯಿತು. ಬ್ಯಾಸ್ಕೆಟ್‌ಬಾಲ್ ಆಡಲು ಫುಟ್‌ಬಾಲ್ ತಂಡ ಬಿಟ್ಟಿದ್ದ ಗಿಲ್, ಅಂದು ಮೇಲೆ ಪತ್ರಕರ್ತರಿಗೆ ಆಟಗಾರರನ್ನು ಗುರುತಿಸಿ ಹೇಳುತ್ತಿದ್ದ. ಕರೆ ಬಂದೊಡನೆ ಇಳಿದು ಬಂದು, ಗಾಯಾಳುವೊಬ್ಬನ ಸಮವಸ್ತ್ರ ತೊಟ್ಟು ಅಂಚಿನಲ್ಲಿ ನಿಂತ. ತಂಡ 22–14ರಿಂದ ಗೆದ್ದಿತು.

"ಅವನು ಎಷ್ಟು ಹೊತ್ತು ಆಡಿದ?"

"ಆಡಲೇ ಇಲ್ಲ ಅಪ್ಪ. ಅವಕಾಶವೇ ಬರಲಿಲ್ಲ."

ಅಪ್ಪ ಕನ್ನಡಕ ಒರೆಸಿಕೊಂಡು ಪ್ರತಿಮೆಯನ್ನು ಮತ್ತೊಮ್ಮೆ ನೋಡಿದರು.

ಹನ್ನೊಂದು ಜನ ಆಡುವ ಈ ಆಟದಲ್ಲಿ ಗಿಲ್ ಹನ್ನೆರಡನೆಯವನು; ಅವನ ಹಾಗೆಯೇ ಇಲ್ಲಿ ವಿದ್ಯಾರ್ಥಿಗಳೆಲ್ಲರೂ ಸೇರಿ ಹನ್ನೆರಡನೆಯವನು. ಕರೆದರೆ ಇಳಿಯಲು ಸಿದ್ಧರಿದ್ದೇವೆ ಎಂದು ತೋರಿಸಲು ಪಂದ್ಯ ನಡೆಯುವಷ್ಟು ಹೊತ್ತೂ ನಿಂತೇ ಇರುತ್ತಾರೆ. ಮೂರು ಗಂಟೆಗೂ ಮೀರಿದ ಆಟ, ಮಂಡಿನೋವಿನ ಅಪ್ಪ! ಮೊದಲ ಕಾಲುಭಾಗ ಮುಗಿಯುವಾಗಲೇ "ಕುಳಿತುಕೊಳ್ಳಿ ಅಪ್ಪ" ಎಂದೆ. ಪಕ್ಕದ ಹುಡುಗನೂ ಬೆಂಚು ತೋರಿಸಿದ. ಅಪ್ಪ ತಲೆಯಾಡಿಸಿದರು. "ನೀನು ಸುಮ್ಮನಿರು ಪುಟ್ಟಿ. ಹನ್ನೆರಡನೆಯವನು ಕೂರುತ್ತಾನೆಯೇ?"

ಬಿಳಿ ಬಟ್ಟೆಯ ಐವರು ಯೆಲ್ ಲೀಡರ್‌ಗಳು, ಅಂದರೆ ಕೂಗು ಹಾಕಿಸುವ ವಿದ್ಯಾರ್ಥಿಗಳು, ಕೈಸನ್ನೆ ಮಾಡುತ್ತಾರೆ. ಮುಂದಿನ ಸಾಲಿನವರು ಅದನ್ನೇ ಮಾಡಿ ಹಿಂದಿನವರಿಗೆ ದಾಟಿಸುತ್ತಾರೆ. ಸನ್ನೆ ಅಲೆಯಂತೆ ಮೇಲೇರುತ್ತದೆ. ಮರುಕ್ಷಣ ಎಲ್ಲರೂ ಮೊಣಕಾಲಿಗೆ ಕೈಯೂರಿ, ಬಾಗಿ, ಹೊಟ್ಟೆಯ ಆಳದಿಂದ ಕೂಗುತ್ತಾರೆ. ಕೈಲ್ ಫೀಲ್ಡ್ ಎಂಬ ಈ ಕ್ರೀಡಾಂಗಣದಲ್ಲಿ 1,02,733 ಜನರಿಗೆ ಜಾಗವಿದೆ. ಆ ಕೂಗು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ಯುದ್ಧಗೀತೆಯ ಕೊನೆಗೆ ಹೆಗಲ ಮೇಲೆ ಕೈಹಾಕಿಕೊಂಡು ಒಂದು ಸಾಲು ಎಡಕ್ಕೆ, ಮುಂದಿನದು ಬಲಕ್ಕೆ ತೂಗುತ್ತದೆ, ಹಳೆಯ ಎದುರಾಳಿ ಟೆಕ್ಸಸ್ ವಿಶ್ವವಿದ್ಯಾಲಯದ ಲಾಂಛನವಾದ ಹೋರಿಯ ಕೊಂಬನ್ನು ಗರಗಸದಲ್ಲಿ ಕುಯ್ದಂತೆ. ಅಪ್ಪನ ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಆ ಹುಡುಗನ ಹೆಗಲ ಮೇಲೆ. ಕಾಲಡಿಯ ಕಾಂಕ್ರೀಟು ಅಲುಗಿದ್ದು ನನಗೆ ಚೆನ್ನಾಗಿ ತಿಳಿಯಿತು.

ಆ ದಿನ ಸೋತೆವು. ಸೋತರೆ ಇಲ್ಲಿ ಯಾರೂ ಬಾಗಿಲಿಗೆ ಓಡುವುದಿಲ್ಲ. ನಿಂತಲ್ಲೇ ಮುಂದಿನ ಪಂದ್ಯಕ್ಕಾಗಿ ಕೂಗುತ್ತಾರೆ. ಅಪ್ಪನೂ ಮೊಣಕಾಲಿಗೆ ಕೈಯೂರಿ ಬಾಗಿದರು.

ಬಸ್ಸಿನಲ್ಲಿ ಬಹಳ ಹೊತ್ತು ಸುಮ್ಮನಿದ್ದು, "ಆ ಇನ್ನೊಬ್ಬನ ಬಟ್ಟೆ ಗಿಲ್‌ಗೆ ಅಳತೆಗೆ ಸರಿಯಾಗಿತ್ತೇ?" ಎಂದು ಕೇಳಿದರು. ನಂತರ ತಮ್ಮ ಎರಡು ವರ್ಷಗಳ ಕಥೆಯನ್ನು ಮೊದಲ ಬಾರಿಗೆ ಹೇಳತೊಡಗಿದರು: ಕೊಠಡಿಯ ಗೆಳೆಯನಿಂದ ಎರವಲು ತಂದ ಬಿಳಿ ಬೂಟು ಒಂದು ಅಳತೆ ದೊಡ್ಡದಿತ್ತಂತೆ, ಪಂದ್ಯದ ಬೆಳಿಗ್ಗೆ ಅದರ ಮುಂದಿನ ತುದಿಗೆ ಹಳೆಯ ಪತ್ರಿಕೆ ತುರುಕಿ, ಬಿಗಿಯಾಗಿ ದಾರ ಕಟ್ಟಿಕೊಂಡು, ಎಲ್ಲರಿಗಿಂತ ಮೊದಲು ಮೈದಾನಕ್ಕೆ ಹೋಗುತ್ತಿದ್ದರಂತೆ.