ಬಾಲ ಕಾಣದಿದ್ದರೆ ಮೊದಲು ಹಿನ್ನೆಲೆ ನೋಡಿ

ಟೆಲಿಸ್ಕೋಪ್ ತೆಗೆದ ಚಿತ್ರಗಳನ್ನು ಶುದ್ಧ ಮಾಡುವುದು ಬೆಂಗಳೂರಿನಲ್ಲಿ ನನ್ನ ಕೆಲಸ. ಈ ಊರಿನ ದೀಪಗಳ ನಡುವೆ ಗ್ಯಾಲಕ್ಸಿ ಎಲ್ಲಿ ಕಾಣಬೇಕು? ಆದರೆ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಹಿಮಾಲಯನ್ ಚಂದ್ರ ಟೆಲಿಸ್ಕೋಪನ್ನು ಇಲ್ಲೇ ಹೊಸಕೋಟೆಯಲ್ಲಿ ಕೂತು ನಡೆಸುತ್ತಾರೆ. ಕತ್ತಲ ಆಕಾಶಕ್ಕೆ ನಮಗೆ ಬರವಿಲ್ಲ.

ಒಂದರೊಳಗೊಂದು ಸೇರಲು ಈಗಷ್ಟೇ ಶುರು ಮಾಡಿರುವ ಸುರುಳಿ ಗ್ಯಾಲಕ್ಸಿಗಳೆಂದರೆ ನನಗೆ ತುಂಬಾ ಇಷ್ಟ. ಕನ್ಯಾ ರಾಶಿಯ ಎನ್‌ಜಿಸಿ 5426 ಮತ್ತು 5427 ನೋಡಿ (ಎನ್‌ಜಿಸಿ ಅಂದರೆ ಗ್ಯಾಲಕ್ಸಿಗಳಂಥವುಗಳ ಒಂದು ಪಟ್ಟಿ, ಸಂಖ್ಯೆ ಅದರಲ್ಲಿನದು). ಎರಡರ ತೋಳುಗಳೂ ಇನ್ನೂ ಅಂದವಾಗಿಯೇ ಇವೆ. ಸುಮ್ನೆ ನೋಡಿದರೆ ಅಕ್ಕಪಕ್ಕ ಇವೆ ಅಷ್ಟೇ ಅನ್ನಿಸುತ್ತದೆ. ನಡುವೆ ಮಸುಕಾದ ಸೇತುವೆ ಕಂಡಾಗಲೇ ಎಳೆದಾಟ ಶುರುವಾಗಿದೆ ಅಂತ ಗೊತ್ತಾಗುವುದು.

ಇದೆಲ್ಲ ಗುರುತ್ವದ ಕೆಲಸ. ಹತ್ತಿರದ ಬದಿಗೆ ಎಳೆತ ಜಾಸ್ತಿ, ದೂರದ ಬದಿಗೆ ಕಡಿಮೆ. ಹೊರಗಿನ ನಕ್ಷತ್ರಗಳ ಮೇಲೆ ಹಿಡಿತ ಮೊದಲೇ ಸಡಿಲ, ಅವೇ ಮೊದಲು ಜಾಗ ಬಿಡುತ್ತವೆ. ಹಾಗೆ ಹೊರಗೆ ಎಳೆದುಬಂದ ನಕ್ಷತ್ರಗಳ ಮಸುಕು ಸಾಲೇ ಬಾಲ, ಎರಡರ ನಡುವೆ ಚಾಚಿದರೆ ಸೇತುವೆ. 1972ರಲ್ಲಿ ವಿಜ್ಞಾನಿಗಳಾದ ಟೂಮ್ರೆ ಸಹೋದರರು ಇದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದರು.

ಹಾಗಾಗಿ ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾನು ಹೇಳುವುದು: ಮೊದಲು ಗ್ಯಾಲಕ್ಸಿಯ ಅಂಚು ನೋಡಿ. ಆದರೆ ಅಂಚು ಉಳಿದಿರಬೇಕಲ್ವಾ?

ಚಿತ್ರದಲ್ಲಿ ಆಕಾಶದ್ದೇ ಬೆಳಕು ಇರುತ್ತದೆ, ಅದನ್ನು ಕಳೆಯಬೇಕು. ಸಾಫ್ಟ್‌ವೇರ್ ಚಿತ್ರವನ್ನು ಚೌಕಗಳಾಗಿ ಮಾಡಿ, ಒಂದೊಂದರಲ್ಲೂ ಹಿನ್ನೆಲೆ ಎಷ್ಟು ಅಂತ ಅಳೆಯುತ್ತದೆ. ಚೌಕ ಗ್ಯಾಲಕ್ಸಿಗಿಂತ ಚಿಕ್ಕದಾದರೆ ಆ ಮಸುಕು ಬಾಲವನ್ನೂ ಹಿನ್ನೆಲೆ ಅಂದುಕೊಂಡು ಕಳೆದುಬಿಡುತ್ತದೆ. ಅಕ್ಕಿ ಕೇರುವಾಗ ತೌಡಿನ ಜೊತೆ ನುಚ್ಚೂ ಹಾರಿಹೋದ ಹಾಗೆ. ಚಿತ್ರ ನೀಟಾಗಿ ಕಾಣುತ್ತದೆ, ಹುಡುಕಬೇಕಾದದ್ದೇ ಇರುವುದಿಲ್ಲ. ಹಿನ್ನೆಲೆಯ ಲೆಕ್ಕಕ್ಕೆ ಸೇರದಂತೆ ಗ್ಯಾಲಕ್ಸಿಯನ್ನು ಮೊದಲು ಧಾರಾಳವಾಗಿ ಮರೆಮಾಡಿ, ಚೌಕ ದೊಡ್ಡದಾಗಿ ಇಡಿ, ಕಚ್ಚಾ ಚಿತ್ರ ಪಕ್ಕದಲ್ಲೇ ತೆರೆದಿರಲಿ.

ಹತ್ತಿರ ಕಂಡವೆಲ್ಲ ಜೋಡಿಯಲ್ಲ ಅನ್ನುವುದೂ ನೆನಪಿರಲಿ. ಎನ್‌ಜಿಸಿ 3314ರಲ್ಲಿ ಒಂದರ ಮೇಲೊಂದು ಕೂತಂತೆ ಕಾಣುವ ಎರಡು ಗ್ಯಾಲಕ್ಸಿಗಳಲ್ಲಿ ಒಂದು ಸುಮಾರು 11.7 ಕೋಟಿ ಜ್ಯೋತಿರ್ವರ್ಷ ದೂರ, ಇನ್ನೊಂದು 14 ಕೋಟಿ. ಒಂದಕ್ಕೊಂದು ಸಂಬಂಧವೇ ಇಲ್ಲ. ಎರಡರ ಬೆಳಕಿನ ಕೆಂಪುಪಲ್ಲಟ (ಬೆಳಕು ಕೆಂಪಿನ ಕಡೆಗೆ ಎಷ್ಟು ಸರಿದಿದೆ ಅನ್ನುವುದು, ಅದರಿಂದ ದೂರದ ಅಂದಾಜು ಸಿಗುತ್ತದೆ) ನೋಡದೆ ನಾವು ಜೋಡಿ ಅಂತ ಬರೆಯುವುದಿಲ್ಲ.

ಬಾಲ ಸಿಕ್ಕಾಗ ಹುಡುಗರು ಕೇಳುತ್ತಾರೆ, "ಸರ್, ಇದು ನಿಜವಾಗಿಯೂ ಬಾಲಾನಾ, ಕ್ಯಾಮೆರಾದ ಕಲೆಯಾ?" ಒಳ್ಳೆಯ ಪ್ರಶ್ನೆ. ಟೆಲಿಸ್ಕೋಪನ್ನು ಒಂಚೂರು ಸರಿಸಿ ತೆಗೆದ ಇನ್ನೊಂದು ಚಿತ್ರ ಇದ್ದೇ ಇರುತ್ತದೆ. ನಕ್ಷತ್ರಗಳ ಜೊತೆ ಆ ಮಸುಕೂ ಸರಿದಿದ್ದರೆ ಅದು ಆಕಾಶದ್ದು. ಅದೇ ಪಿಕ್ಸೆಲ್‌ಗಳಲ್ಲಿ ಕೂತಿದ್ದರೆ ಕ್ಯಾಮೆರಾದ್ದು.