ಕೆಂಚನ ಶುಗರ್ ಲೆಕ್ಕ, ಒಂಬತ್ತನೇ ವಾರ

ಹೋದ ಸಲ ಬರ್ದಾಗ ನಮ್ಮ ಬೆಕ್ಕು ಕೆಂಚಂಗೆ ಇನ್ಸುಲಿನ್ ಡೋಸ್ ಏರಿಸ್ತಾನೇ ಇದೀವಿ ಶುಗರ್ ಮಾತ್ರ ಜಪ್ಪಯ್ಯ ಅಂದ್ರೂ ಇಳೀತಿಲ್ಲ ಅಂತ ಗೋಳು ತೋಡ್ಕೊಂಡಿದ್ದೆ ಅಲ್ವಾ, ಕಾರಣ ಸಿಕ್ತು ಮಾರಾಯ್ರೆ. ನಮ್ಮನೆ ಕೊಟ್ಟಿಗೆಯಲ್ಲೇ ಕೂತಿತ್ತು. ಅದಕ್ಕೆ ಮುಂಚೆ ಹೊಸಬ್ರಿಗೆ ಸ್ವಲ್ಪ ಹಿಂದಿನದ್ದು ಹೇಳ್ಬಿಡ್ತೀನಿ.

ಕೆಂಚ ಗಂಡು ಬೆಕ್ಕು, ಹತ್ತು ವರ್ಷ, ಆಪರೇಷನ್ ಆಗಿದೆ, ಇಲಿ ಮೂಗಿನ ಮುಂದೆ ಹೋದ್ರೂ ಕಣ್ಣು ಬಿಡದ ಜಾತಿ. 6.4 ಕೆಜಿ ಇದ್ದ. ಏಪ್ರಿಲ್‌ನಲ್ಲಿ ಬಚ್ಚಲ ಬಕೆಟ್ಟಿಗೆ ತಲೆ ಹಾಕಿದ್ರೆ ಎತ್ತೋದೇ ಇಲ್ಲ ಅನ್ನೋ ಹಾಗೆ ನೀರು ಕುಡಿಯೋಕೆ ಶುರು ಮಾಡ್ದ, ಸೆಖೆಗಿರ್ಬೇಕು ಅಂತ ಸುಮ್ನಿದ್ವಿ. ಮೇ ಕೊನೆಗೆ ತೂಗಿದ್ರೆ 4.8. ಹಿಂಗಾಲಿನ ಹಿಮ್ಮಡಿ ಪೂರ್ತಿ ನೆಲಕ್ಕೆ ಊರ್ಕೊಂಡು ನಡೀತಿದ್ದ, ಅದು ಶುಗರ್ ಜಾಸ್ತಿಯಾಗಿ ನರ ಸೋತಿರೋ ಲಕ್ಷಣ ಅಂತ ಆಮೇಲೆ ಗೊತ್ತಾಯ್ತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಕಾರಲ್ಲಿ ಹಾಕ್ಕೊಂಡು ಹೋದ್ವಿ, ಮಂಡಗದ್ದೆ ತನಕ ಒಂದೇ ಸಮ ಕೂಗಿದ, ಗಾಜನೂರು ಬರೋ ಹೊತ್ತಿಗೆ ಗಂಟಲು ಕಟ್ಟಿ ಸುಮ್ನಾದ. ಅಲ್ಲಿ ನೋಡಿದ್ರೆ ಶುಗರ್ 428. ಡಾಕ್ಟ್ರು ಇದೊಂದನ್ನೇ ನಂಬೋ ಹಾಗಿಲ್ಲ, ಬೆಕ್ಕಿಗೆ ಬರೀ ಹೆದರಿಕೆಗೇ 300 ದಾಟುತ್ತೆ ಅಂತ ಫ್ರಕ್ಟೋಸಮೈನ್ ಟೆಸ್ಟಿಗೆ ಕಳಿಸಿದ್ರು, ಹಿಂದಿನ ಎರಡು ಮೂರು ವಾರದ ಸರಾಸರಿ ಹೆಂಗಿತ್ತು ಅಂತ ಅದು ಹೇಳುತ್ತೆ. ಅದೂ ಜಾಸ್ತಿನೇ ಬಂತು. ಜೂನ್ 2ರಿಂದ ಗ್ಲಾರ್ಜಿನ್ ಅನ್ನೋ ಇನ್ಸುಲಿನ್, 12 ಗಂಟೆಗೊಂದ್ಸಲ 1 ಯೂನಿಟ್.

ಸಿರಿಂಜ್ ವಿಷ್ಯ ಇನ್ನೊಂದ್ಸಲ ಹೇಳ್ತೀನಿ, ಯಾಕಂದ್ರೆ ಇದ್ರಲ್ಲಿ ತಪ್ಪಿದ್ರೆ ಬೆಕ್ಕೇ ಹೋಗುತ್ತೆ. ಗ್ಲಾರ್ಜಿನ್ ಒಂದು ಎಂಎಲ್‌ಗೆ 100 ಯೂನಿಟ್ ಇರುತ್ತೆ. ನಮ್ಮ ಕಡೆ ಮೆಡಿಕಲ್ ಶಾಪಲ್ಲಿ ಇನ್ಸುಲಿನ್ ಸಿರಿಂಜ್ ಅಂದ್ರೆ ಕೆಂಪು ಮುಚ್ಚಳದ್ದು ಕೊಟ್ಬಿಡ್ತಾರೆ, ಅದು ಒಂದು ಎಂಎಲ್‌ಗೆ 40 ಯೂನಿಟ್ ಇರೋ ಇನ್ಸುಲಿನ್‌ಗೆ. ಅದ್ರಲ್ಲಿ 1ರ ಗೆರೆಗೆ ಎಳೆದ್ರೆ ಒಳಗೆ ಹೋಗೋದು ಎರಡೂವರೆ ಯೂನಿಟ್. ನಂಗೂ ಮೊದ್ಲ ದಿನ ಕೆಂಪೇ ಕೊಟ್ಟಿದ್ರು, ಡಾಕ್ಟ್ರು ಚೀಟಿ ಮೇಲೆ ಕಿತ್ತಳೆ ಮುಚ್ಚಳ ಅಂತ ಬರ್ದಿದ್ದಕ್ಕೆ ಬಚಾವ್. ಅರ್ಧ ಯೂನಿಟ್ ಗೆರೆ ಇರೋ 0.3 ಎಂಎಲ್‌ದು ತರಿಸ್ಕೊಳ್ಳಿ, ಕಣ್ಣಂದಾಜಲ್ಲಿ ಅರ್ಧ ಎಳೆಯೋಕೆ ಹೋಗ್ಬೇಡಿ.

ಶುಗರ್ ನೋಡೋಕೆ ರಕ್ತ ತೆಗೆಯೋದು ಕಿವಿ ಅಂಚಿಂದ. ಮಳೆಗಾಲದಲ್ಲಿ ಕಿವಿ ಐಸ್ ಥರ ತಣ್ಣಗಿರುತ್ತೆ, ಚುಚ್ಚಿದ್ರೂ ಹನಿ ಬರಲ್ಲ. ಹಳೇ ಕಾಲುಚೀಲಕ್ಕೆ ಒಂದು ಹಿಡಿ ಅಕ್ಕಿ ತುಂಬಿ ಕಾವಲಿ ಮೇಲೆ ಬಿಸಿ ಮಾಡಿ, ಮೊದ್ಲು ನನ್ನ ಕೆನ್ನೆಗೆ ಒತ್ತಿ ನೋಡಿ ಆಮೇಲೆ ಅವ್ನ ಕಿವಿಗೆ ಒಂದು ನಿಮಿಷ. ಸಾಸಿವೆಯಷ್ಟು ಹನಿ ಸಾಕು. ಚುಚ್ಚಿದ ಜಾಗ ಹತ್ತಿ ಇಟ್ಟು ಒತ್ತಿ ಹಿಡೀರಿ, ಇಲ್ಲಾಂದ್ರೆ ತಲೆ ಕೊಡವ್ತಾನೆ, ಗೋಡೆ ಮೇಲೆಲ್ಲ ಚುಕ್ಕಿ. ಒಂದಿನ ಇನ್ಸುಲಿನ್ ಕೊಡುವಾಗ ಸೂಜಿ ಚರ್ಮ ದಾಟಿ ಆಚೆ ಬಂದು ಕೂದ್ಲೆಲ್ಲ ಒದ್ದೆ, ಮೂಸಿದ್ರೆ ಇನ್ಸುಲಿನ್‌ದೇ ಆ ಔಷಧಿ ವಾಸನೆ. ಎಷ್ಟು ಒಳಗೆ ಹೋಯ್ತೋ ದೇವ್ರಿಗೇ ಗೊತ್ತು. ಹಂಗಾದಾಗ ಇನ್ನೊಂದ್ಸಲ ಕೊಡೋ ಹಾಗಿಲ್ಲ, ಮುಂದಿನ ಹೊತ್ತಿನ ತನಕ ಕಾಯೋದೇ.

ಈಗ ಮೇನ್ ವಿಷ್ಯ. ಜೂನ್ 16ಕ್ಕೆ 1.5, ಜೂನ್ 30ಕ್ಕೆ 2 ಯೂನಿಟ್ ಆಯ್ತು. ಜುಲೈ 6 ಭಾನುವಾರ ಬೆಳಿಗ್ಗೆ 7ರಿಂದ ರಾತ್ರಿ 7ರ ತನಕ ಎರಡೆರಡು ಗಂಟೆಗೆ ನೋಡಿ ಕರ್ವ್, ಅಂದ್ರೆ ದಿನದ ಶುಗರ್ ಏರಿಳಿತದ ಲೆಕ್ಕ, ಮಾಡಿದ್ವಿ: 341, 296, 205, 138, 152, 188, 334. ನಂಗೆ ಕೊನೇದು ಅರ್ಥವೇ ಆಗ್ಲಿಲ್ಲ. ಸಂಜೆ 5ಕ್ಕೆ 188 ಇದ್ದಿದ್ದು ಎರಡು ಗಂಟೆಯಲ್ಲಿ 334ಕ್ಕೆ ಹೆಂಗೆ ಹಾರಿತು? ಇನ್ಸುಲಿನ್ ಕೆಟ್ಟೋಯ್ತಾ ಅನ್ನೋ ಡೌಟ್, ಕರೆಂಟ್ ಮೂರು ದಿನದಿಂದ ಕಣ್ಣಾಮುಚ್ಚಾಲೆ ಆಡ್ತಿತ್ತು. ಆದ್ರೆ ತೆರೆದ ಗ್ಲಾರ್ಜಿನ್ 30 ಡಿಗ್ರಿ ಒಳಗಿದ್ರೆ ಫ್ರಿಜ್ ಇಲ್ದೆನೂ 28 ದಿನ ತಡ್ಕೊಳ್ಳುತ್ತೆ, ಜುಲೈನಲ್ಲಿ ನಮ್ಮನೇಲಿ 30 ಡಿಗ್ರಿ ಅಂದ್ರೆ ಒಲೆ ಮುಂದೆ ಮಾತ್ರ. ಅದಲ್ಲ.

ಮೂರು ದಿನ ಬಿಟ್ಟು ಸಂಜೆ ಆರಕ್ಕೆ ಕಂಬಳಿಕೊಪ್ಪೆ ಹಾಕ್ಕೊಂಡು ಕೊಟ್ಟಿಗೆ ಕಡೆ ಹೋದೆ, ಮಳೆ ಸದ್ದಿಗೆ ನಾನ್ ಬಂದಿದ್ದು ಕೇಳ್ಸಿಲ್ಲ. ಅಜ್ಜಿ ಹಾಲು ಕರೆದು ತಂಬಿಗೆ ಪಕ್ಕಕ್ಕಿಟ್ಟು, ಹಲಗೆ ಹಿಂದಿಂದ ತೆಂಗಿನ ಚಿಪ್ಪು ತೆಗೆದ್ರು. ಚಿಪ್ಪಲ್ಲಿ ಮಧ್ಯಾಹ್ನದ ಅನ್ನ, ಕೈಯಲ್ಲಿ ಗಂಜಿ ಥರ ಕಿವುಚಿಟ್ಟಿದ್ದು. ಅದ್ರ ಮೇಲೆ ನೊರೆ ಹಾಲು. ಕೆಂಚ ಬಾಲ ನೆಟ್ಟಗೆ ಮಾಡ್ಕೊಂಡು ಕಾಯ್ತಾ ಕೂತಿದ್ದ, ನೆಕ್ಕಿ ನೆಕ್ಕಿ ಚಿಪ್ಪಿನ ನಾರೂ ಬಿಡ್ಲಿಲ್ಲ. ದಿನಾ ಎರಡು ಹೊತ್ತು, ಬೆಳಿಗ್ಗೆ ಆರಕ್ಕೆ ಸಂಜೆ ಆರಕ್ಕೆ. ನಾನು ಕಿವಿ ಚುಚ್ಚೋದು ಏಳಕ್ಕೆ! ಅಂದ್ರೆ ಐದು ವಾರ ನಾನು ಬರ್ಕೊಂಡಿದ್ದೆಲ್ಲ ಹಾಲನ್ನದ ಶುಗರ್, ಆ ನಂಬರ್ ಹಿಡ್ಕೊಂಡೇ ಡಾಕ್ಟ್ರು ಡೋಸ್ ಏರಿಸಿದ್ದು. ಅಜ್ಜಿನ ಕೇಳಿದ್ರೆ "ನಂಗೂ ಶುಗರ್ ಐತಲ್ಲ, ನಾನು ಅನ್ನ ಉಣ್ಣಲ್ವನಾ, ಬರೀ ಕೋಳಿ ತಿಂದು ಎಂತ ಬದುಕ್ತದೆ ಅದು" ಅಂದ್ರು. ಬೆಕ್ಕಿಗೆ ಅನ್ನ ಬೇಕಾಗೇ ಇಲ್ಲ, ಮಾಂಸದ ಮೇಲೇ ಬದುಕೋ ಪ್ರಾಣಿ ಅಂತ ಹೇಳಿದ್ದಕ್ಕೆ, ನೀನು ಹುಟ್ಟೋ ಮುಂಚಿಂದ ಬೆಕ್ಕು ಸಾಕಿದೀನಿ ಅಂದ್ರು. ಅದಕ್ಕೆ ನನ್ಹತ್ರ ಉತ್ತರ ಇಲ್ಲ.

ಇಲ್ಲಿ ತನಕ ಅಜ್ಜಿ ತಪ್ಪು, ಇನ್ನು ಮುಂದೆ ನಂದು. ಅವತ್ತೇ ಚಿಪ್ಪು ಎಸೆದೆ, ಹಾಲನ್ನ ಬಂದ್, ಆದ್ರೆ ಡಾಕ್ಟ್ರಿಗೆ ಫೋನ್ ಮಾಡ್ದೆ 2 ಯೂನಿಟ್ ಹಂಗೇ ಕೊಟ್ಕೊಂಡು ಹೋದೆ. ಅನ್ನಕ್ಕೆ ಅಂತ ಏರಿಸಿದ ಇನ್ಸುಲಿನ್, ಅನ್ನವೇ ಇಲ್ದಿದ್ರೆ ಎಂತ ಮಾಡ್ಬೇಕು? ಜುಲೈ 11 ಮಧ್ಯಾಹ್ನ ಒಂದಕ್ಕೆ ಜಗಲಿಯಲ್ಲಿ ಕುಡುದವ್ನ ಥರ ತೂರಾಡ್ತಿದ್ದ, ಕರೆದ್ರೆ ನನ್ನ ಆಚೆ ಯಾರನ್ನೋ ನೋಡ್ದಂಗೆ ನೋಡ್ತಾನೆ. ಮೀಟರ್‌ನಲ್ಲಿ 46, ತೀರಾ ಕಮ್ಮಿ. ಮನುಷ್ಯರ ಮೀಟರ್ ಬೆಕ್ಕಿಗೆ ನಿಜಕ್ಕಿಂತ ಸ್ವಲ್ಪ ಕಮ್ಮಿ ತೋರ್ಸುತ್ತೆ, ಆದ್ರೂ ತೂರಾಡೋ ಬೆಕ್ಕನ್ನ ಇಟ್ಕೊಂಡು ಆ ಲೆಕ್ಕ ಹಾಕ್ತಾ ಕೂರೋಕಾಗಲ್ಲ. ಜೇನುತುಪ್ಪ ಬೆರಳಲ್ಲಿ ತಗೊಂಡು ವಸಡಿಗೆ ಸವರಿದೆ. ಸುರೀಬಾರ್ದು, ಶ್ವಾಸಕ್ಕೆ ಹೋಗುತ್ತೆ. ಕೈ ನಡುಗಿ ಅರ್ಧ ಅವ್ನ ಮೀಸೆಗೇ ಹೋಯ್ತು. ಹದಿನೈದು ನಿಮಿಷಕ್ಕೆ 63, ಆಮೇಲೆ ಊಟ ಇಟ್ರೆ ತಿಂದ, 97. ಫೋನಲ್ಲಿ ಡಾಕ್ಟ್ರು ಸಂಜೆ ಇನ್ಸುಲಿನ್ ಬೇಡ, ನಾಳೆಯಿಂದ 1 ಯೂನಿಟ್, ಇನ್ಮೇಲೆ ಊಟ ಬದಲಾಯ್ಸೋ ಮುಂಚೆ ಫೋನ್ ಮಾಡಿ ಅಂದ್ರು. ಬೈಲಿಲ್ಲ, ಬೈದಿದ್ರೆ ಚೆನ್ನಾಗಿತ್ತು. ಸಂಜೆ ತನಕ ಗಂಟೆಗೊಂದ್ಸಲ ಚುಚ್ಚಿ ನೋಡ್ತಾನೇ ಇದ್ದೆ, ಗ್ಲಾರ್ಜಿನ್ ಬೇಗ ಇಳಿದು ಹೋಗೋ ಜಾತಿ ಅಲ್ಲ, ಜೇನು ಕರಗಿದ ಮೇಲೆ ಮತ್ತೆ ಬೀಳಬಹುದು.

ಈಗ ಮೂರು ವಾರದಿಂದ 1 ಯೂನಿಟ್. ಬೆಳಿಗ್ಗೆ 170ರಿಂದ 210, ಮಧ್ಯಾಹ್ನ 100ರ ಆಸುಪಾಸು. ಊಟಕ್ಕೆ ಗ್ರೇವಿ ಇಲ್ಲದ ವೆಟ್ ಫುಡ್ ಮತ್ತೆ ಸ್ವಲ್ಪ ಬೇಯ್ಸಿದ ಕೋಳಿ. ಬರೀ ಕೋಳಿ ಹಾಕೋ ಹಾಗಿಲ್ಲ, ಬೆಕ್ಕಿಗೆ ಬೇಕೇಬೇಕಾದ ಟಾರಿನ್ ಅನ್ನೋ ಪೋಷಕಾಂಶ, ಕ್ಯಾಲ್ಸಿಯಂ ಸಾಲಲ್ಲ. ಬಂಗುಡೆ ಕೊಡ್ಬಹುದಿತ್ತು, ಆದ್ರೆ ಜೂನ್ ಜುಲೈ ಸಮುದ್ರಕ್ಕೆ ಬೋಟೇ ಇಳಿಯಲ್ಲ, ಆಗುಂಬೆ ಘಾಟಿ ಹತ್ತಿ ಬರೋ ಒಂದೆರಡು ಬುಟ್ಟಿ ಮೀನಿನ ರೇಟ್ ಕೇಳಿದ್ರೆ ನಮ್ಗೇ ಬೇಡ ಅನ್ಸುತ್ತೆ. ತೂಕ 5.1. ಹಿಮ್ಮಡಿ ನೆಲದಿಂದ ಎದ್ದಿದೆ, ಮೊನ್ನೆ ಅಕ್ಕಿ ಮೂಟೆ ಮೇಲೆ ಹಾರೋಕೆ ನೋಡಿ ಅರ್ಧದಲ್ಲಿ ಜಾರಿ ಬಿದ್ದು, ಬೇಕಂತಲೇ ಬಿದ್ದೆ ಅನ್ನೋ ಹಾಗೆ ಅಲ್ಲೇ ಕೂತು ಕಾಲು ನೆಕ್ಕೊಂಡ. ಕೆಲವು ಬೆಕ್ಕಿಗೆ ಶುರುವಲ್ಲೇ ಹಿಡಿತಕ್ಕೆ ಬಂದ್ರೆ ಇನ್ಸುಲಿನ್ನೇ ಬೇಡ ಆಗುತ್ತಂತೆ, ಡಾಕ್ಟ್ರು ಆಸೆ ಇಟ್ಕೊಳ್ಳಿ ಆದ್ರೆ ನೀವಾಗೇ ನಿಲ್ಲಿಸ್ಬೇಡಿ ಅಂದಿದಾರೆ.

ಅಜ್ಜಿ ಎರಡು ದಿನ ಮಾತು ಬಿಟ್ಟಿದ್ರು. ನಿನ್ನೆ ಬೆಳಿಗ್ಗೆ ಕೆಂಚನ ಕಿವಿ ಚುಚ್ಚುವಾಗ ಪಕ್ಕ ಬಂದು ಕೂತು ಬೆರಳು ಮುಂದೆ ಮಾಡಿದ್ರು, ನಂದೂ ನೋಡು ಅಂತ. ಹೊಸ ಸೂಜಿ ಹಾಕಿ ನೋಡ್ದೆ. ಕೆಂಚಂದು 182, ಅಜ್ಜಿದು 236. ಯಾರಿಗೂ ಹೇಳ್ಬೇಡ ಅಂದ್ರು. ಸ್ಟ್ರಿಪ್ ಇನ್ನು ಏಳೇ ಉಳ್ದಿರೋದು, ಭಾನುವಾರ ಮತ್ತೆ ಕರ್ವ್ ಇದೆ, ನಾಳೆ ಪೇಟೆಗೆ ಹೋಗಿ ಎರಡು ಡಬ್ಬಿ ತರ್ಬೇಕು.